ಸಂಶಯದ ಲಾಭ ಬೇಡ

"ಮನುಷ್ಯ ಸುಳ್ಳು ಹೇಳಬಹುದು, ಕಂಪ್ಯೂಟರ್ ಹೇಳುವುದಿಲ್ಲ" ಎಂದು ಮೇಷ್ಟ್ರು ಬೋರ್ಡಿನ ಮೇಲೆ ಬರೆದು, ಅದರ ಕೆಳಗೆ ಎರಡು ಗೆರೆ ಬೇರೆ ಎಳೆದರು. ಮುಂದಿನ ಬೆಂಚಿನಿಂದ ಒಂದು ಕೈ ಮೇಲೆದ್ದಿತು. ಆ ತರಗತಿಯ ಉಳಿದ ಕೈಗಳಿಗೆಲ್ಲ ಇಪ್ಪತ್ತೆರಡು, ಇಪ್ಪತ್ತಮೂರು ವರ್ಷ. ಈ ಕೈಗೆ ಐವತ್ತೊಂದು.

"ಸುಳ್ಳು ಹೇಳಲ್ಲ ಸರ್, ಒಪ್ಪಿದೆ. ಆದ್ರೆ ಅದರ ಮುಂದೆ ಯಾರು ಬಂದು ಕೂತ್ರೂ, ಅವ್ರು ಹೇಳಿದ್ದನ್ನ ತುಟಿಪಿಟಕ್ಕೆನ್ನದೆ ಬರ್ಕೊಳ್ಳತ್ತೆ. ಇಪ್ಪತ್ತಾರು ವರ್ಷ ನಾನೂ ಅದೇ ಕೆಲಸ ಮಾಡಿದೀನಿ, ಅದಕ್ಕೇ ಗೊತ್ತು."

ತರಗತಿ ಗೊಳ್ಳೆಂದು ನಕ್ಕಿತು. ಮೇಷ್ಟ್ರು ನಗಲಿಲ್ಲ. ಡಸ್ಟರ್ ತೆಗೆದುಕೊಂಡು ಒಂದು ಗೆರೆ ಅಳಿಸಿದರು, ಇನ್ನೊಂದನ್ನು ಹಾಗೇ ಬಿಟ್ಟರು. ಅಷ್ಟರ ಮಟ್ಟಿಗೆ ಒಳ್ಳೆಯ ಮನುಷ್ಯ.

ಆ ಕೈಯ ಒಡತಿಯನ್ನು ಎಲ್ಲರೂ ಟೈಪಮ್ಮ ಎನ್ನುತ್ತಿದ್ದರು. ಕೋರ್ಟಿನ ಎರಡನೇ ಹಾಲಿನಲ್ಲಿ ಬೆರಳಚ್ಚುಗಾರ್ತಿಯಾಗಿ ಸೇರಿದವಳು, ಸಾಕ್ಷಿಗಳು ಹೇಳಿದ್ದನ್ನೂ ನ್ಯಾಯಾಧೀಶರು ಹೇಳಿದ್ದನ್ನೂ ಕುಟ್ಟುತ್ತ ಕುಟ್ಟುತ್ತ ಇಪ್ಪತ್ತಾರು ವರ್ಷ ಕಳೆದಿದ್ದಳು. ಹದಿಮೂರು ನ್ಯಾಯಾಧೀಶರು ಬಂದು ಹೋದರು. ಟೈಪಿಂಗ್ ಮೆಷಿನ್ನು ಹೋಗಿ ಕಂಪ್ಯೂಟರ್ ಬಂತು. ಅವಳ ಕುರ್ಚಿಯ ಕಿರಗುಟ್ಟುವಿಕೆ ಮಾತ್ರ ಎಲ್ಲಿಗೂ ಹೋಗಲಿಲ್ಲ. ನಡುವೆ ಸಂಜೆ ಕಾಲೇಜಿಗೆ ಹೋಗಿ ಕಾನೂನು ಪದವಿಯನ್ನೂ ಮುಗಿಸಿದ್ದಳು. ಪದವಿಪತ್ರ ಬೀರುವಿನಲ್ಲಿ ಹಳೇ ಬಟ್ಟೆಗಳ ಕೆಳಗೆ ತಣ್ಣಗೆ ಮಲಗಿತ್ತು.

ಟೈಪಮ್ಮ ಎಂಬ ಅಡ್ಡಹೆಸರು ಇಟ್ಟವಳು ಅವಳ ಗಂಡನ ತಂಗಿ. ಅತ್ತಿಗೆ ಮನೆಗೆ ಬಂದ ಮೊದಲ ವಾರವೇ, "ನಮ್ಮ ಟೈಪಮ್ಮ ಊಟಕ್ಕೆ ಕೂತ್ರೂ ಬೆರಳು ಕುಟ್ತಾನೇ ಇರತ್ತೆ ನೋಡಿ" ಎಂದು ಎಲ್ಲರೆದುರು ಹಂಗಿಸಿದ್ದಳು. ನಾದಿನಿಯ ನಾಲಿಗೆಗೆ ಎಲುಬಿರಲಿಲ್ಲ. ಅತ್ತಿಗೆಗೂ ಹೊಟ್ಟೆಯೊಳಗೆ ಹಾಕಿಕೊಳ್ಳುವ ಅಭ್ಯಾಸವಿರಲಿಲ್ಲ. ಇಬ್ಬರೂ ವರ್ಷಗಟ್ಟಲೆ ಒಬ್ಬರನ್ನೊಬ್ಬರು ಚುಚ್ಚುತ್ತ, ಒಂದೇ ಬೀದಿಯಲ್ಲಿ ಎರಡು ಮನೆ ದೂರದಲ್ಲಿ ಬದುಕಿದರು.

ಈ ನಾದಿನಿಯ ಮೇಲೆ ಕೇಸು ಬಿತ್ತು.

ಅವಳು ದೊಡ್ಡ ಖಾಸಗಿ ಆಸ್ಪತ್ರೆಯೊಂದರ ದಾಖಲೆ ವಿಭಾಗದಲ್ಲಿ ಹತ್ತೊಂಬತ್ತು ವರ್ಷ ದುಡಿದವಳು. ಒಬ್ಬ ರೋಗಿ ಔಷಧ ಹೆಚ್ಚಾಗಿ ಸತ್ತ. ಸತ್ತ ಸಂಜೆ ಅವನ ದಾಖಲೆಯಲ್ಲಿ ಔಷಧದ ಪ್ರಮಾಣವನ್ನು ಯಾರೋ ಕಡಿಮೆ ಮಾಡಿ ತಿದ್ದಿದ್ದರು. ತಿದ್ದಿದ್ದು ನಾದಿನಿಯ ಪಾಸ್‌ವರ್ಡ್‌ನಲ್ಲಿ. ರೋಗಿಯ ಮನೆಯವರು ಗಲಾಟೆ ಎಬ್ಬಿಸಿದ್ದೇ ತಡ, ಆಸ್ಪತ್ರೆಯವರು ತಾವೇ ಪೊಲೀಸರಲ್ಲಿ ದೂರು ಕೊಟ್ಟು, ಎಲ್ಲವನ್ನೂ ಗುಮಾಸ್ತೆಯ ತಲೆಗೆ ಕಟ್ಟಿ ಕೈತೊಳೆದುಕೊಂಡರು. ಪೊಲೀಸರು ಪರದೆಯನ್ನು ಬಿಟ್ಟು ಅವಳ ಮೇಜಿನ ಕಂಪ್ಯೂಟರಿನ ಪೆಟ್ಟಿಗೆಯನ್ನು ಹೊತ್ತುಕೊಂಡು ಹೋದರು. ತಿದ್ದಿದ ಹಾಳೆಯ ಒಂದು ಪ್ರತಿ ಅದರೊಳಗೇ ಸಿಕ್ಕಿತು ಎಂದು ಲ್ಯಾಬಿನವರು ವರದಿ ಕೊಟ್ಟರು. ಕಂಪ್ಯೂಟರಿನ ಮಾಹಿತಿ ತಿದ್ದಿದ ಅಪರಾಧ. ಸಾಬೀತಾದರೆ ಮೂರು ವರ್ಷದ ಜೈಲು.

ಆ ಪಾಸ್‌ವರ್ಡ್ ಏನೂ ಬೀಗದೊಳಗೆ ಇರಲಿಲ್ಲ. ಮರೆತೀತೆಂದು ನಾದಿನಿ ಅದನ್ನು ಚೀಟಿಯಲ್ಲಿ ಬರೆದು ಕಂಪ್ಯೂಟರಿನ ಪರದೆಯ ಅಂಚಿಗೇ ಅಂಟಿಸಿದ್ದಳು. ನರ್ಸುಗಳಿಗೆ ಗೊತ್ತಿತ್ತು, ಉಳಿದ ಗುಮಾಸ್ತರಿಗೆ ಗೊತ್ತಿತ್ತು, ಸೂಪರಿಂಟೆಂಡೆಂಟರಿಗೆ ಗೊತ್ತಿತ್ತು. ನೆಲ ಒರೆಸುವವಳಿಗೂ ಗೊತ್ತಿತ್ತು.

ಮೂವರು ವಕೀಲರನ್ನು ನೋಡಿದ್ದಾಯಿತು. ಮೂವರೂ ಒಂದೇ ರಾಗ ಹಾಡಿದರು: ಒಪ್ಪಿಕೊಂಡುಬಿಡಿ, ಮೊದಲ ತಪ್ಪು ಅಂತ ದಂಡ ಹಾಕಿ ಬಿಟ್ಟುಬಿಡ್ತಾರೆ. ಮನೆಯಲ್ಲಿ ಟೈಪಮ್ಮನ ಗಂಡನೂ ಅದಕ್ಕೇ ತಲೆಯಾಡಿಸಿದ.

"ನೋಡು ಪುಟ್ಟಿ, ತಲೆ ಮೇಲಿನ ಕತ್ತಿ ಸರಿದ್ರೆ ಸಾಕು ಅಂತ..."

"ಮಾಡಿದ್ದಿದ್ರೆ ಮೊದಲನೇ ದಿನವೇ ಒಪ್ಕೋತಿದ್ದೆ ಅಣ್ಣ," ಎಂದಳು ನಾದಿನಿ. "ಮಾಡದೇ ಇರೋದನ್ನ ಹ್ಯಾಗೆ ಒಪ್ಕೊಳ್ಳಲಿ? ನನ್ನ ಮುಖ ನೋಡಿ ಹೇಳು."

ಅಣ್ಣ ಮುಖ ನೋಡಲಿಲ್ಲ, ಚಹಾದ ಲೋಟ ನೋಡಿದ. ಅತ್ತಿಗೆ ಎದ್ದು ಬೀರು ತೆರೆದು, ಹಳೇ ಬಟ್ಟೆಗಳನ್ನೆಲ್ಲ ನೆಲಕ್ಕೆ ಎಳೆದು ಹಾಕಿ, ಪದವಿಪತ್ರವನ್ನು ತಂದು ಮೇಜಿನ ಮೇಲಿಟ್ಟಳು.

"ಕೇಸು ನಾನು ನಡೆಸ್ತೀನಿ," ಎಂದಳು.

ನಾದಿನಿ, "ಅಯ್ಯೋ, ಮೂರು ವರ್ಷ ಅಂದಿದ್ರು. ಇನ್ನು ಆರು ಗ್ಯಾರಂಟಿ" ಎಂದಳು. ಹಾಗೆ ಹೇಳುತ್ತಿರುವಾಗಲೇ ಅವಳ ಕಣ್ಣು ತುಂಬಿ ಬಂದಿದ್ದನ್ನು ಅತ್ತಿಗೆ ನೋಡಿದಳು. ನೋಡಿಯೂ ನೋಡದ ಹಾಗೆ ಬಟ್ಟೆ ಮಡಚತೊಡಗಿದಳು.

ಟೈಪಮ್ಮ ಕೆಲಸದಿಂದ ಸ್ವಯಂ ನಿವೃತ್ತಿ ತೆಗೆದುಕೊಂಡಳು. ವಕೀಲರ ಪಟ್ಟಿಯಲ್ಲಿ ಹೆಸರು ಹಚ್ಚಿಸಿದಳು. ಸೈಬರ್ ಅಪರಾಧದ ಕಾನೂನು ಮತ್ತು ಡಿಜಿಟಲ್ ಸಾಕ್ಷ್ಯ ಎಂಬ ಒಂದು ವರ್ಷದ ಕೋರ್ಸಿಗೆ ಸೇರಿದಳು. ಅಷ್ಟರಲ್ಲಿ ಕೇಸು ಕೋರ್ಟಿನಲ್ಲಿ ತೆವಳಿಕೊಂಡು ಬರುವುದು ಹೇಗೂ ಇದ್ದೇ ಇತ್ತು. ಕೋರ್ಟಿನ ನಡಿಗೆ ಅವಳಿಗೆ ಹೊಸದಲ್ಲ.

ಕೋರ್ಸಿನಲ್ಲಿ ಮೇಷ್ಟ್ರು ಒಂದು ದಿನ ಎಲ್ಲರ ಕೈಗೂ ಒಂದೊಂದು ಪೆನ್‌ಡ್ರೈವ್ ಕೊಟ್ಟರು. ಅದರೊಳಗಿನ ಮಾಹಿತಿಗೆಲ್ಲ ಸೇರಿ ಒಂದು ಉದ್ದನೆಯ ಸಂಖ್ಯೆ ಬರುತ್ತದೆ, ಮನುಷ್ಯನ ಬೆರಳಿನ ಗುರುತಿದ್ದ ಹಾಗೆ. ಒಳಗೆ ಒಂದೇ ಒಂದು ಚುಕ್ಕೆ ಸೇರಿಸಿದರೂ ಸಂಖ್ಯೆ ಪೂರಾ ಬದಲಾಗುತ್ತದೆ. ವಶಪಡಿಸಿಕೊಂಡ ತಕ್ಷಣ ಆ ಸಂಖ್ಯೆಯನ್ನು ಬರೆದಿಟ್ಟರೆ, ಆಮೇಲೆ ಯಾರು ಬಾಲ ಬಿಚ್ಚಿದರೂ ಗೊತ್ತಾಗುತ್ತದೆ. ಟೈಪಮ್ಮ ಒಂದು ಚುಕ್ಕೆ ಸೇರಿಸಿ ನೋಡಿದಳು. ಅಳಿಸಿ ನೋಡಿದಳು. ಹುಡುಗಿಯ ಹಾಗೆ ಖುಷಿಪಟ್ಟಳು.

"ತಕ್ಷಣ ತೆಗೀದೆ, ಹತ್ತು ದಿನ ಬಿಟ್ಟು ಸಂಖ್ಯೆ ತೆಗೆದ್ರೆ ಸರ್?"

"ಹತ್ತು ದಿನದ ನಂತರ ಒಳಗೆ ಏನಿತ್ತೋ ಅದಕ್ಕೆ ಮಾತ್ರ ಅದು ಸಾಕ್ಷಿ. ಮೊದಲನೇ ದಿನ ಏನಿತ್ತು ಅನ್ನೋದಕ್ಕಲ್ಲ."

ಇದನ್ನು ಅವಳು ಪುಸ್ತಕದಲ್ಲಿ ಬರೆದುಕೊಳ್ಳಲಿಲ್ಲ. ಬರೆಯದೆ ನೆನಪಿಟ್ಟುಕೊಳ್ಳುವ ಸುಖವೇ ಅವಳಿಗೆ ಹೊಸದಾಗಿತ್ತು.

ಲ್ಯಾಬಿನ ವರದಿಯಲ್ಲಿ ಆರು ಪುಟ ವಿಷಯ, ನೂರಾ ನಲವತ್ತು ಪುಟ ಪಟ್ಟಿ. ಕಂಪ್ಯೂಟರಿನೊಳಗೆ ಇದ್ದ ಪ್ರತಿಯೊಂದು ಫೈಲಿನ ಹೆಸರು, ಅದು ಹುಟ್ಟಿದ ತಾರೀಕು. ಆ ಮೂವರು ವಕೀಲರು ಪಟ್ಟಿಯನ್ನು ಬೆರಳಿನಿಂದಲೂ ಮುಟ್ಟಿರಲಿಲ್ಲ. ಹಾಳೆಗಳು ಅಂಟಿಕೊಂಡಿದ್ದದ್ದೇ ಅದಕ್ಕೆ ಸಾಕ್ಷಿ. ಒಂದು ಭಾನುವಾರ ಮಧ್ಯಾಹ್ನ ಟೈಪಮ್ಮ ಊಟದ ಮೇಜನ್ನು ಒರೆಸಿ, ನಾದಿನಿಯನ್ನು ಎದುರಿಗೆ ಕೂರಿಸಿ, ಪಟ್ಟಿಯನ್ನು ಅವಳ ಕೈಗೆ ಕೊಟ್ಟಳು.

"ಓದು. ಕೊನೇ ಪುಟದ ಕೊನೇ ಸಾಲಿಂದ ಮೇಲಕ್ಕೆ."

"ಇದೇನು ಅತ್ತಿಗೆ, ಎಲ್ಲರೂ ಮೇಲಿಂದ ಓದಿದ್ರೆ ನೀವು ಕೆಳಗಿಂದ!"

"ಟೈಪ್ ಮಾಡಿದ್ದನ್ನ ತಪ್ಪು ನೋಡೋದು ಹಾಗೇನೇ. ಮೇಲಿಂದ ಓದಿದ್ರೆ ಅರ್ಥ ನಮ್ಮನ್ನ ಎಳ್ಕೊಂಡು ಹೋಗತ್ತೆ, ಕಣ್ಣು ಜಾರತ್ತೆ. ಕೆಳಗಿಂದ ಓದಿದ್ರೆ ಒಂದೊಂದು ಸಾಲೂ ಒಂಟಿಯಾಗಿ ಸಿಗತ್ತೆ. ಬಾಯಿ ಮುಚ್ಕೊಂಡು ಓದು."

"ಬಾಯಿ ಮುಚ್ಕೊಂಡು ಹ್ಯಾಗೆ ಓದ್ಲಿ?" ಎಂದು ಗೊಣಗಿಕೊಂಡೇ ನಾದಿನಿ ಓದಿದಳು. ಎರಡು ಪುಟ ಮುಗಿಯಿತು, ಎಲ್ಲ ಕಂಪ್ಯೂಟರ್ ತಾನೇ ಇಟ್ಟುಕೊಂಡ ತಲೆಬುಡವಿಲ್ಲದ ಹೆಸರುಗಳು. ಮೂರನೆಯ ಪುಟದ ನಡುವೆ ನಿಂತಳು.

"ಇದು ನಂದಲ್ಲ."

"ಯಾವುದು?"

"'ರಜೆ ಅರ್ಜಿ, ಹಲ್ಲು ನೋವು.' ನಾನು ಜನ್ಮದಲ್ಲಿ ಕಂಪ್ಯೂಟರಲ್ಲಿ ರಜೆ ಅರ್ಜಿ ಬರೆದವಳಲ್ಲ, ಕೈಯಲ್ಲೇ ಬರೀತಿದ್ದೆ. ನನ್ನ ಹಲ್ಲು ಕಲ್ಲಿದ್ದ ಹಾಗಿದೆ."

"ತಾರೀಕು?"

"ಹದಿನೇಳು."

ಕಂಪ್ಯೂಟರನ್ನು ಪೊಲೀಸರು ಹೊತ್ತೊಯ್ದದ್ದು ಅದೇ ತಿಂಗಳ ಹನ್ನೆರಡಕ್ಕೆ. ಟೈಪಮ್ಮ ಕುರ್ಚಿಯಿಂದ ಎದ್ದುಬಿಟ್ಟಳು. ಅದರ ಮೇಲಿನ ಸಾಲು: ಕಳೆದುಹೋದ ಸೈಕಲ್ಲಿನ ಮಹಜರು, ಹದಿನಾರು. ಅದರ ಮೇಲೆ: ಬಂದೋಬಸ್ತ್ ಪಟ್ಟಿ, ಹದಿನೈದು. ಇಬ್ಬರೂ ಮುಖ ಮುಖ ನೋಡಿಕೊಂಡರು. ನಾದಿನಿಗೆ ನಗು ತಡೆಯಲಾಗಲಿಲ್ಲ. ಹದಿನೈದು ತಿಂಗಳಲ್ಲಿ ಅವಳು ಹಾಗೆ ನಕ್ಕದ್ದು ಅದೇ ಮೊದಲು.

"ಗೆದ್ದ ಹಾಗೇನಾ ಅತ್ತಿಗೆ?"

"ತಪ್ಪಿಸ್ಕೊಂಡ ಹಾಗೆ," ಎಂದಳು ಟೈಪಮ್ಮ. "ಗೆಲ್ಲೋದು ಬೇರೆ."

ಅವಳು ಹಾಗೆನ್ನಲು ಕಾರಣವಿತ್ತು. ಆಸ್ಪತ್ರೆ ಕೊಟ್ಟ ಅಮಾನತಿನ ಪತ್ರದಲ್ಲಿ ಒಂದು ಸಾಲಿತ್ತು: ನ್ಯಾಯಾಲಯವು ನಿರ್ದೋಷಿ ಎಂದು ತೀರ್ಮಾನಿಸಿದಲ್ಲಿ ಮಾತ್ರ ಮರಳಿ ಕೆಲಸಕ್ಕೆ, ಸಂಶಯದ ಲಾಭದ ಮೇಲೆ ಬಿಡುಗಡೆಯಾದಲ್ಲಿ ಇಲ್ಲ. ಸಂಶಯದ ಲಾಭ! ಆ ಎರಡು ಪದಗಳನ್ನು ಟೈಪಮ್ಮ ತನ್ನ ಬೆರಳಿನಿಂದಲೇ ಸಾವಿರ ಸಲ ಕುಟ್ಟಿದ್ದಳು. ನ್ಯಾಯಾಧೀಶರಿಗೆ ಅದು ರೂಢಿಯ ಮಾತು. ಬಿಡುಗಡೆಯಾದವನಿಗೆ ಅದು ಹಣೆಯ ಮೇಲಿನ ಬರೆ. ಬಿಟ್ಟಿದ್ದಾರೆ, ಆದರೆ ಮಾಡಿರಲೂಬಹುದು ಎಂದು ಊರು ಮಾತಾಡುತ್ತದೆ. ಅಂಥವರು ತೀರ್ಪಿನ ಪ್ರತಿ ಹಿಡಿದುಕೊಂಡು ಹೊರಗಿನ ಮೆಟ್ಟಿಲ ಮೇಲೆ ಕೂತದ್ದನ್ನು ಅವಳು ಎಷ್ಟೋ ಸಲ ಕಿಟಕಿಯಿಂದ ನೋಡಿದ್ದಳು. ಅವಳಿಗೆ ಆಗಲೂ ಸಿಟ್ಟು ಬರುತ್ತಿತ್ತು. ಆದರೆ ಬೆರಳಚ್ಚುಗಾರ್ತಿಯ ಸಿಟ್ಟನ್ನು ಯಾರು ದಾಖಲಿಸುತ್ತಾರೆ?

ಸಾಕ್ಷಿ ವಿಚಾರಣೆ ಬಂತು. ಅದೇ ಎರಡನೇ ಹಾಲು, ಅದೇ ಕಿರಗುಟ್ಟುವ ಕುರ್ಚಿ. ಅದರಲ್ಲಿ ಈಗ ಬೇರೆ ಹುಡುಗಿ. ಕರಿಕೋಟು ತೊಟ್ಟು ಒಳಗೆ ಬಂದ ಟೈಪಮ್ಮನನ್ನು ನೋಡಿ ಸರ್ಕಾರಿ ವಕೀಲರು ಬೆಂಚ್ ಕ್ಲರ್ಕನ ಕಡೆ ಕಣ್ಣು ಮಿಟುಕಿಸಿದರು. "ಏನು ಮೇಡಂ, ಇವತ್ತು ಕೂತ್ಕೊಳ್ಳೋ ಜಾಗ ಬದಲಾಗಿದೆ?"

"ಹೌದು ಸರ್. ಇಷ್ಟು ವರ್ಷ ನೀವು ಹೇಳಿದ್ದನ್ನ ನಾನು ಬರ್ಕೊಂಡೆ. ಇವತ್ತು ಸ್ವಲ್ಪ ನೀವು ಬರ್ಕೊಳ್ಳಿ."

ಹಿಂದಿನ ದಿನ ಲ್ಯಾಬಿನ ತಜ್ಞ ಬಂದು, ಸಂಖ್ಯೆ ತೆಗೆದದ್ದು ಕಂಪ್ಯೂಟರ್ ಲ್ಯಾಬಿಗೆ ಬಂದ ಮೇಲೆ ಎಂದೂ, ಕಂಪ್ಯೂಟರಿನ ಗಡಿಯಾರ ಹಿಂದೆ ತಿರುಗಿಸಿಟ್ಟರೆ ಫೈಲಿನ ತಾರೀಕನ್ನು ಹಿಂದಿನದಾಗಿ ತೋರಿಸಬಹುದು ಎಂದೂ ಒಪ್ಪಿಕೊಂಡಿದ್ದ. ಇವತ್ತು ಕಟಕಟೆಯಲ್ಲಿ ಠಾಣೆಯ ರೈಟರ್ ನಿಂತಿದ್ದ. ಠಾಣೆಯ ಬರವಣಿಗೆಯೆಲ್ಲ ಅವನದೇ. ಟೈಪಮ್ಮನನ್ನು ಇಪ್ಪತ್ತು ವರ್ಷದಿಂದ ಬಲ್ಲವನು. ಕೈಮುಗಿದ.

"ಕಂಪ್ಯೂಟರನ್ನ ಹನ್ನೆರಡಕ್ಕೆ ವಶಕ್ಕೆ ತಗೊಂಡ್ರಿ. ಬಟ್ಟೆ ಸುತ್ತಿ ಅರಗಿನ ಮುದ್ರೆ ಹಾಕಿದ್ರಿ. ಸರೀನಾ?"

"ಸರಿ ಮೇಡಂ."

"ಲ್ಯಾಬಿಗೆ ಕಳಿಸಿದ್ದು ಇಪ್ಪತ್ತಮೂರಕ್ಕೆ. ನಡುವಿನ ಹನ್ನೊಂದು ದಿನ?"

"ಮುದ್ರೆ ಹಾಕಿದ ಹಾಗೇ ಠಾಣೆಯ ಕೋಣೇಲಿ ಭದ್ರವಾಗಿತ್ತು."

"ನಿಮ್ಮ ಹಲ್ಲು ನೋವು ಈಗ ಹ್ಯಾಗಿದೆ?"

ಸರ್ಕಾರಿ ವಕೀಲರು ದಡಕ್ಕನೆ ಎದ್ದರು. "ಸ್ವಾಮಿ, ಇದೇನು ಕೋರ್ಟೋ, ದಂತವೈದ್ಯರ ಕೋಣೆಯೋ?"

ಟೈಪಮ್ಮ ಪಟ್ಟಿಯ ನೂರಾ ಮೂವತ್ತೆಂಟನೆಯ ಪುಟವನ್ನು ನ್ಯಾಯಾಧೀಶರಿಗೆ ಕೊಟ್ಟಳು. ನ್ಯಾಯಾಧೀಶರು ಕನ್ನಡಕ ಮೇಲೇರಿಸಿ ಓದಿದರು. ಆಮೇಲೆ ರೈಟರನ ಕಡೆ ತಿರುಗಿದರು. ಅವರ ಮುಖದಲ್ಲಿ ನಗುವಿರಲಿಲ್ಲ.

"ಉತ್ತರ ಕೊಡಿ."

ರೈಟರನ ಹಣೆಯಲ್ಲಿ ಬೆವರು ಮೂಡಿತು. "ಠಾಣೆ ಕಂಪ್ಯೂಟರ್ ಕೆಟ್ಟು ಕೂತಿತ್ತು ಸ್ವಾಮಿ. ಮೇಲಿನವರು ದಿನಾ ವರದಿ ಕೇಳ್ತಾರೆ. ಇದು ಸುಮ್ನೆ ಬಿದ್ದಿತ್ತಲ್ಲ ಅಂತ... ಕೆಲಸ ಆದ ಮೇಲೆ ಮತ್ತೆ ಮುದ್ರೆ ಹಾಕಿಟ್ವಿ. ಕೆಟ್ಟ ಉದ್ದೇಶ ಎಳ್ಳಷ್ಟೂ ಇರ್ಲಿಲ್ಲ."

"ಅದು ನಂಗೊತ್ತು," ಎಂದಳು ಟೈಪಮ್ಮ. ನಿಜಕ್ಕೂ ಗೊತ್ತಿತ್ತು. "ತೆರೆಯೋಕೆ ಪಾಸ್‌ವರ್ಡ್ ಬೇಕಲ್ಲ, ಅದನ್ನ ಯಾರು ಕೊಟ್ರು?"

"ಆಸ್ಪತ್ರೆಗೆ ಫೋನ್ ಮಾಡಿದ್ವಿ. ಅವರ ಕಂಪ್ಯೂಟರ್ ನೋಡ್ಕೊಳ್ಳೋ ಮನುಷ್ಯ ಬಂದು ತೆಗೆದುಕೊಟ್ಟ."

ಇದು ಟೈಪಮ್ಮನಿಗೂ ಹೊಸ ಸುದ್ದಿ. ಮುಖದಲ್ಲಿ ತೋರಿಸಿಕೊಳ್ಳಲಿಲ್ಲ.

"ಅವನು ಎಷ್ಟು ಹೊತ್ತು ಕೂತಿದ್ದ? ಏನು ಮಾಡಿದ?"

"ಗೊತ್ತಿಲ್ಲ ಮೇಡಂ. ನಾನು ಊಟಕ್ಕೆ ಹೋಗಿದ್ದೆ."

ಹಾಲಿನಲ್ಲಿ ಯಾರೋ ನಕ್ಕರು. ಕುರ್ಚಿಯ ಹುಡುಗಿ ಬೆರಳೆತ್ತಿ ಕಾಯುತ್ತಿದ್ದಳು, ಇದನ್ನೂ ಬರೆಯಬೇಕೇ ಎಂದು. "ಹಾಕ್ಕೊಳ್ಳಮ್ಮ," ಎಂದಳು ಟೈಪಮ್ಮ ಮೆಲ್ಲಗೆ, "'ಆ ಸಮಯದಲ್ಲಿ ನಾನು ಊಟಕ್ಕೆ ಹೋಗಿದ್ದೆ.' ಪೂರ್ಣವಿರಾಮ."

ಊಟದ ವಿರಾಮದಲ್ಲಿ ಸರ್ಕಾರಿ ವಕೀಲರೇ ಪಡಸಾಲೆಗೆ ಬಂದರು. "ಕೇಸು ಬಿದ್ದುಹೋಯ್ತು ಮೇಡಂ. ನೀವಿನ್ನು ಏನೂ ಕೇಳೋದು ಬೇಡ, ತಾನಾಗಿ ಬಿಡುಗಡೆ ಆಗತ್ತೆ."

ಅವರು ಹೋದ ಮೇಲೆ ಟೈಪಮ್ಮ ನಾದಿನಿಯನ್ನು ಕಂಬದ ಮರೆಗೆ ಕರೆದಳು. "ಇಲ್ಲಿಗೇ ನಿಲ್ಲಿಸಿದ್ರೆ ಸಂಶಯದ ಲಾಭ. ಇನ್ನೊಂದು ದಾರಿ ಇದೆ. ಆಸ್ಪತ್ರೆಯ ದೊಡ್ಡ ಕಂಪ್ಯೂಟರಲ್ಲಿ, ಯಾವ ಕೋಣೆಯ ಯಂತ್ರದಿಂದ, ಎಷ್ಟು ಗಂಟೆಗೆ ತಿದ್ದಿದ್ರು ಅನ್ನೋದು ತಾನಾಗಿ ದಾಖಲಾಗಿರತ್ತೆ. ಪೊಲೀಸರು ಅದನ್ನ ಕೇಳ್ಲೇ ಇಲ್ಲ. ನಾನು ತರಿಸಬಹುದು. ಆದ್ರೆ ನಮ್ಮ ಮೇಷ್ಟ್ರು ಹೇಳಿದಾರೆ, ನೀನು ನೋಡದ ಕಾಗದವನ್ನ ಕೋರ್ಟಿಗೆ ತರಿಸಬೇಡ ಅಂತ. ಯಾರಾದ್ರೂ ನಿನ್ನ ಮೇಜಲ್ಲೇ ಕೂತು ತಿದ್ದಿದ್ರೆ, ಅದು ನಿನ್ನ ಕೊರಳಿಗೇ ಬರತ್ತೆ. ಆಗ ನನ್ನ ಕೈಲಿ ಏನೂ ಇರಲ್ಲ."

"ನೀವು ನನ್ನ ನಂಬ್ತೀರಾ ಅತ್ತಿಗೆ? ಒಂದು ಸಲಾನೂ ಕೇಳ್ಲಿಲ್ಲ, ನೀನು ಮಾಡಿದ್ಯಾ ಅಂತ."

"ಇಪ್ಪತ್ತೈದು ವರ್ಷ ನನ್ನ ಮುಖದ ಮೇಲೇ ಬೈದವಳು ನೀನು. ಬೆನ್ನ ಹಿಂದೆ ಏನಾದ್ರೂ ಮಾಡೋದು ನಿಂಗೆ ಬರಲ್ಲ."

ನಾದಿನಿ ಮೂಗು ಒರೆಸಿಕೊಂಡಳು. "ತರಿಸಿ. ಕದ್ದವಳ ಹಾಗೆ ಕಿಂಡಿಯಿಂದ ತೂರಿ ಹೋಗೋಕೆ ನಾನು ಬಂದಿಲ್ಲ. ಬಾಗಿಲಿಂದ ಬಂದೆ, ಬಾಗಿಲಿಂದಲೇ ಹೋಗ್ತೀನಿ."

ವಿರಾಮದ ನಂತರ ಟೈಪಮ್ಮ ಅರ್ಜಿ ಕೊಟ್ಟಳು. ಅಲ್ಲಿಯವರೆಗೂ ಹಿಂದಿನ ಸಾಲಿನಲ್ಲಿ ಆಕಳಿಸುತ್ತಿದ್ದ ಆಸ್ಪತ್ರೆಯ ವಕೀಲರು ಚಂಗನೆ ಎದ್ದು ನಿಂತರು. ರೋಗಿಗಳ ಗೋಪ್ಯತೆ ಎಂದರು, ಖರ್ಚು ಎಂದರು, ಅಷ್ಟು ಹಳೆಯದು ಸಿಗಲಿಕ್ಕಿಲ್ಲ ಎಂದರು. ನ್ಯಾಯಾಧೀಶರು ಎಲ್ಲ ಕೇಳಿ, "ಸಿಗಲಿಕ್ಕಿಲ್ಲ ಅಂದ್ರೆ ಹುಡುಕಿ. ಹತ್ತು ದಿನ" ಎಂದರು.

ಆ ಹತ್ತು ದಿನ ಟೈಪಮ್ಮನಿಗೆ ಅನ್ನ ಸೇರಲಿಲ್ಲ. ಕೋರ್ಟಿನಲ್ಲಿ ಎಷ್ಟೋ ಜನರ ಭಯವನ್ನು ಟೈಪ್ ಮಾಡಿದ್ದಳು. ತನ್ನದೇ ಭಯ ಹೇಗಿರುತ್ತದೆ ಎಂದು ಈಗ ಗೊತ್ತಾಯಿತು. ನಾದಿನಿ ಮಾತ್ರ ದಿನಾ ಬಂದು, "ಏನ್ ಲಾಯರಮ್ಮ, ಜೈಲಿಗೆ ಎಷ್ಟು ಜೊತೆ ಬಟ್ಟೆ ಬಿಡ್ತಾರೆ?" ಎಂದು ಕೇಳಿ ಹೋಗುತ್ತಿದ್ದಳು.

ಹನ್ನೊಂದನೆಯ ದಿನ ಕಾಗದ ಬಂತು. ಎರಡೇ ಪುಟ. ತಿದ್ದಿದ್ದು ಸಂಜೆ ಆರು ನಲವತ್ತಕ್ಕೆ. ಯಂತ್ರ, ಸೂಪರಿಂಟೆಂಡೆಂಟರ ಕೋಣೆಯದು. ಹಾಜರಿಯಲ್ಲಿ ನಾದಿನಿ ಬೆರಳೊತ್ತಿ ಮನೆಗೆ ಹೊರಟದ್ದು ಐದು ಹತ್ತಕ್ಕೆ. ಸರ್ಕಾರಿ ವಕೀಲರು ಕಾಗದವನ್ನು ಓದಿ, ಮಡಚಿ, ಮತ್ತೆ ಬಿಡಿಸಿ ಓದಿದರು. ಆಸ್ಪತ್ರೆಯ ವಕೀಲರು ಆ ದಿನ ಬಂದಿರಲಿಲ್ಲ. ಆ ಕಂಪ್ಯೂಟರಿನ ಮನುಷ್ಯನನ್ನೂ ಸೂಪರಿಂಟೆಂಡೆಂಟರನ್ನೂ ಬೇರೆಯಾಗಿ ತನಿಖೆ ಮಾಡಿ ಎಂದು ನ್ಯಾಯಾಧೀಶರು ಆದೇಶಿಸಿದರು.

ತೀರ್ಪಿನ ದಿನ ಕೋರ್ಟ್ ಹಾಲ್ ತುಂಬಿತ್ತು. ನ್ಯಾಯಾಧೀಶರು ಬಾಯಲ್ಲಿ ಹೇಳುತ್ತ ಹೋದರು, ಹುಡುಗಿ ಬೆರಳಲ್ಲಿ ಕುಟ್ಟುತ್ತ ಹೋದಳು. ಕೊನೆಗೆ ಬಂದರು. "ಮೇಲ್ಕಂಡ ಕಾರಣಗಳಿಂದ, ಆರೋಪಿಗೆ ಸಂಶಯದ ಲಾಭವನ್ನು ನೀಡಿ..."

"ಸ್ವಾಮಿ," ಎನ್ನುತ್ತ ಟೈಪಮ್ಮ ಎದ್ದು ನಿಂತಳು.

ತೀರ್ಪು ಹೇಳುವಾಗ ನಡುವೆ ಬಾಯಿ ಹಾಕಿದವರನ್ನು ಟೈಪಮ್ಮ ಇಪ್ಪತ್ತಾರು ವರ್ಷದಲ್ಲಿ ಕಂಡಿರಲಿಲ್ಲ. ಬೆಂಚ್ ಕ್ಲರ್ಕ್ ಕೈಯಲ್ಲಿ ಸನ್ನೆ ಮಾಡಿದ, ಕೂತ್ಕೊಳ್ಳಿ, ಕೂತ್ಕೊಳ್ಳಿ. ಅವಳು ಕೂರಲಿಲ್ಲ.

"ಈ ಮಾತನ್ನ ಇದೇ ಕುರ್ಚೀಲಿ ಕೂತು ಸಾವಿರ ಸಲ ಟೈಪ್ ಮಾಡಿದೀನಿ ಸ್ವಾಮಿ. ಬಾಯಿಗೆ ತಾನಾಗೇ ಬಂದುಬಿಡತ್ತೆ, ಗೊತ್ತು. ಆದ್ರೆ ಸಂಶಯ ಎಲ್ಲಿದೆ? ಅವಳು ಮನೆಗೆ ಹೋಗಿ ಒಂದೂವರೆ ಗಂಟೆ ಆಗಿತ್ತು. ಯಂತ್ರ ಬೇರೆಯವರದ್ದು. ಇದ್ದ ಸಂಶಯವನ್ನ ನಾವೇ ಕಾಗದ ತರಿಸಿ ತೀರಿಸಿದೀವಿ, ಅದು ನಮ್ಮ ಕೊರಳಿಗೆ ಬರಬಹುದು ಅಂತ ಗೊತ್ತಿದ್ದೂ. ಇಲ್ಲದ ಸಂಶಯದ ಲಾಭ ನಮಗೆ ಬೇಡ. ನಿರ್ದೋಷಿ ಅಂತ ಬರೆಸಿ. ಇಲ್ಲ, ಸಂಶಯ ಯಾವುದು ಅಂತ ಹೇಳಿ, ಅದಕ್ಕೂ ಉತ್ತರ ಕೊಡ್ತೀನಿ."

ನ್ಯಾಯಾಧೀಶರು ಅವಳನ್ನು ದುರುಗುಟ್ಟಿ ನೋಡಿದರು. ಆಮೇಲೆ ಆ ಎರಡು ಪುಟಗಳನ್ನು ಮತ್ತೊಮ್ಮೆ ನೋಡಿದರು. ಕುರ್ಚಿ ಕಿರಗುಟ್ಟಿತು.

"ಆ ಸಾಲು ತೆಗೆಯಮ್ಮ," ಎಂದರು ಹುಡುಗಿಗೆ. "ಬರ್ಕೋ. ಆರೋಪಿಯು ಈ ಕೃತ್ಯವನ್ನು ಎಸಗಿಲ್ಲವೆಂದು ಈ ನ್ಯಾಯಾಲಯವು ತೀರ್ಮಾನಿಸಿದೆ. ಆಕೆ ನಿರ್ದೋಷಿ." ಆಮೇಲೆ ಟೈಪಮ್ಮನ ಕಡೆ ತಿರುಗಿ, "ಇನ್ನೊಂದು ಸಲ ತೀರ್ಪಿನ ನಡುವೆ ಎದ್ದರೆ ಹೊರಗೆ ಕಳಿಸ್ತೀನಿ" ಎಂದರು.

"ಆಗಲಿ ಸ್ವಾಮಿ," ಎಂದು ಟೈಪಮ್ಮ ಕೂತಳು.

ಪ್ರತಿ ಕೈಗೆ ಬಂದಾಗ ಹೊರಗಿನ ಮೆಟ್ಟಿಲ ಮೇಲೆ ನಿಂತು ನಾದಿನಿ ಅದನ್ನು ತಿರುವಿ ಹಾಕಿ, ಕೊನೆಯ ಪುಟದ ಕೊನೆಯ ಸಾಲಿಗೆ ಬೆರಳಿಟ್ಟಳು. ಓದಿದಳು. ಗಟ್ಟಿಯಾಗಿ ಇನ್ನೊಂದು ಸಲ ಓದಿದಳು. ಪಕ್ಕದಲ್ಲಿ ಹೋಗುತ್ತಿದ್ದವರು ತಿರುಗಿ ನೋಡಿದರು, ನೋಡಲಿ ಎಂದೇ ಓದಿದಳು.

"ಕೆಳಗಿಂದ ಓದೋದು ಒಳ್ಳೇ ಅಭ್ಯಾಸ ಅತ್ತಿಗೆ."

ಸೋಮವಾರ ಬೆಳಿಗ್ಗೆ ಒಂಬತ್ತಕ್ಕೆ ನಾದಿನಿ ಆಸ್ಪತ್ರೆಯ ದೊಡ್ಡ ಬಾಗಿಲಿನಿಂದಲೇ ಒಳಗೆ ಹೋದಳು. ತೀರ್ಪಿನ ಪ್ರತಿಯನ್ನು ಮೊದಲು ಕಚೇರಿಯಲ್ಲಿ ಕೊಟ್ಟು ಮುದ್ರೆ ಹಾಕಿಸಿಕೊಂಡಳು. ದಾಖಲೆ ವಿಭಾಗದಲ್ಲಿ ಎಲ್ಲರೂ ತಲೆ ತಗ್ಗಿಸಿ ಕೆಲಸದಲ್ಲಿ ಮುಳುಗಿದವರಂತೆ ಕೂತಿದ್ದರು. ಅವಳು ಒಬ್ಬೊಬ್ಬರನ್ನೂ ಮಾತಾಡಿಸಿ, ತನ್ನ ಮೇಜಿನ ಮುಂದೆ ಕೂತು, ಹೊಸ ಕಂಪ್ಯೂಟರಿಗೆ ಹೊಸ ಪಾಸ್‌ವರ್ಡ್ ಹಾಕಿದಳು. ಚೀಟಿಯಲ್ಲಿ ಬರೆಯಲಿಲ್ಲ.

ಸಂಜೆ ಮನೆಗೆ ಬಂದಾಗ ಅತ್ತಿಗೆ ಬಾಗಿಲಲ್ಲೇ ಕಾಯುತ್ತಿದ್ದಳು. "ಏನು ಪಾಸ್‌ವರ್ಡ್ ಇಟ್ಟೆ?"

"ಹೇಳಲ್ಲ," ಎಂದಳು ನಾದಿನಿ, ಚಪ್ಪಲಿ ಬಿಡುತ್ತ. "ಲಾಯರಿಗೂ ಹೇಳಲ್ಲ."